ಕರಿ ಟಗರಿನ ಬಿಳಿ ಕೂದಲು

ಬೆಳಿಗ್ಗೆ ಎದ್ದಾಗಿನಿಂದ ಟಗರು ತನ್ನನ್ನೇ ನೋಡುತ್ತಿದೆ ಎಂದು ಭಾಗ್ಯಶ್ರೀಗೆ ಅನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ ಅದು ಯಾರನ್ನೂ ನೋಡುತ್ತಿರಲಿಲ್ಲ. ಕೆಳಗಿನ ಅಂಗಳದಲ್ಲಿ, ತೊಳೆದು ಬೋರಲು ಹಾಕಿದ ಪಾತ್ರೆಗಳ ಪಕ್ಕ, ಹಲಸಿನ ಸೊಪ್ಪು ಮೆಲ್ಲುತ್ತ ತನ್ನ ಪಾಡಿಗೆ ತಾನು ನಿಂತಿತ್ತು. ಆದರೆ ಕುರಿಗೆ ಕಣ್ಣುಗಳು ಮುಖದ ಎರಡು ಪಕ್ಕಕ್ಕೆ. ಎಲ್ಲಿ ಹೋಗಿ ನಿಂತರೂ ಒಂದಲ್ಲ ಒಂದು ಕಣ್ಣಿಗೆ ಸಿಕ್ಕಿಬೀಳುತ್ತೇವೆ. ಅವಳು ಮಹಡಿಯ ಕಂಬಿಗೆ ಒರಗಿ ಚಹಾ ಕುಡಿಯುತ್ತಿದ್ದಳು. ಜಕ್ಕೂರು ಕೆರೆಯಿಂದ ಎದ್ದ ಮಂಜು ಹಳೆಯ ಊರಿನ ಬೀದಿಗಳನ್ನೆಲ್ಲ ನುಂಗಿ, ಆಚೆಗಿನ ಅಪಾರ್ಟ್‌ಮೆಂಟುಗಳ ಮೇಲಂತಸ್ತುಗಳನ್ನು ಮಾತ್ರ ಉಳಿಸಿತ್ತು. ನೆಲವಿಲ್ಲದೆ ಬಾಲ್ಕನಿಗಳು ತೇಲುತ್ತಿದ್ದವು, ಅಲ್ಲಿ ಯಾರೋ ಟವೆಲ್ ಒಣಹಾಕುತ್ತಿದ್ದರು. ಹಾರಲು ಕಲಿಯುವವರ ಪುಟ್ಟ ವಿಮಾನವೊಂದು ಕಾಣಿಸಿಕೊಳ್ಳದೆ ಬರೀ ಸದ್ದಾಗಿ ತಲೆಯ ಮೇಲೆ ಹಾದುಹೋಯಿತು. ಟಗರಿನ ಎಡತೊಡೆಯ ಮೇಲೆ, ಮಸಿಗಪ್ಪಿನ ನಡುವೆ, ಹೆಬ್ಬೆಟ್ಟಿನಗಲ ಬಿಳಿ ಕೂದಲು ಬಂದಿತ್ತು. ಮನೆಯ ಯಜಮಾನಿ ಸೊಣ್ಣಮ್ಮ ಹೋದ ಮಂಗಳವಾರ ಅದರ ಮೈ ತೊಳೆಯುವಾಗ ಅದನ್ನು ಕಂಡು, ಕೈಲಿದ್ದ ಚೊಂಬು ಹಾಗೇ ಬಿಟ್ಟು ಅಂಗಳದಲ್ಲೇ ಕೂತುಬಿಟ್ಟಿದ್ದಳು. ಅಂದಿನಿಂದ ಆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಉಂಡಿಲ್ಲ.

ಫೋನು ಬಂತು. ಗದಗಿನಿಂದ ಅವ್ವ, ರತ್ನವ್ವ.

"ನಾಷ್ಟಾ ಆತೇನವ್ವಾ?"

"ಆತ ಬೇ."

"ಐತವಾರನೂ ಕರೀತಾರೇನು ನಿಮ್ಮ ಔಷಧದ ಕಂಪನ್ಯಾಗ?"

"ಇವತ್ತ ಯಾರೋ ದೊಡ್ಡ ಮಂದಿ ಬರಾಕತ್ತಾರ ಬೇ. ಹೋಗಬೇಕು."

"ಪೂಜಾ ತಪ್ಪಿಸಬ್ಯಾಡ ಮತ್ತ."

ಔಷಧದ ಕಂಪನಿ ಎಂದು ಹೇಳಿದವಳು ಅವಳೇ. ಸುಳ್ಳು ಒಮ್ಮೆ ಹೇಳಿದ ಮೇಲೆ ಅದಕ್ಕೂ ದಿನವೂ ಕೂಳು ಹಾಕಿ ಸಾಕಬೇಕಾಗುತ್ತದೆ. ಹೆಬ್ಬಾಳದ ಕೆರೆಗೆ ಮುಖಮಾಡಿದ ಗಾಜಿನ ಕಟ್ಟಡದಲ್ಲಿ, ಕುರಿಯ ತೊಡೆಯಿಂದ ತೆಗೆದ ಜೀವಕೋಶಗಳನ್ನು ಗುಲಾಬಿ ಬಣ್ಣದ ದ್ರವದಲ್ಲಿ ಬೆಳೆಸಿ, ಕುರಿಯನ್ನು ಕೊಲ್ಲದೆಯೇ ಕುರಿಮಾಂಸ ಮಾಡುವುದು ಅವಳ ಕೆಲಸ. ಹಳೆಯ ದ್ರವ ಹೀರಿ ತೆಗೆದು ಹೊಸದು ತುಂಬುವುದಕ್ಕೆ ಆಫೀಸಿನಲ್ಲಿ ಊಟ ಹಾಕುವುದು ಎನ್ನುತ್ತಾರೆ. ಮಾಂಸದ ಗಾಳಿ ಸೋಕದ ಮನೆತನದಲ್ಲಿ ಹುಟ್ಟಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬೆಳೆದ ಹುಡುಗಿ ದಿನಬೆಳಗಾದರೆ ಮಾಂಸಕ್ಕೆ ಊಟ ಹಾಕುತ್ತಾಳೆ. ಇದನ್ನು ಅವ್ವನಿಗೆ ಯಾವ ಬಾಯಲ್ಲಿ ಹೇಳುವುದು? ಕೊಲೆಯಿಲ್ಲ ಬೇ, ರಕ್ತವಿಲ್ಲ ಬೇ, ಇದು ಪುಣ್ಯದ ಕೆಲಸ ಎಂದು ಎಷ್ಟೋ ಸಲ ಸ್ನಾನ ಮಾಡುವಾಗ ಗೋಡೆಗೆ ಹೇಳಿ ನೋಡಿದ್ದಳು. ಗೋಡೆ ಒಪ್ಪಿಕೊಂಡಂತೆಯೇ ಕಾಣುತ್ತಿತ್ತು.

ಕೆಳಗೆ ಅಡುಗೆಮನೆಯ ಕಿಟಕಿ ಮುಚ್ಚಿದ ಸದ್ದಾಯಿತು. ಭಾನುವಾರ ಮಸಾಲೆ ಅರೆಯುವ ಮೊದಲು ಸೊಣ್ಣಮ್ಮ ಆ ಕಿಟಕಿ ಮುಚ್ಚುತ್ತಾಳೆ, ಮೇಲಿನ ಹುಡುಗಿಗೆ ವಾಸನೆ ಹೋಗದಿರಲಿ ಎಂದು. ಇವತ್ತು ಮಾಂಸದ ಅಡುಗೆಯೇ ಇಲ್ಲ, ಆದರೂ ಅಭ್ಯಾಸಬಲದಿಂದ ಮುಚ್ಚಿದಳೇನೋ. ಬಾಡಿಗೆಗೆ ಕೇಳಿಕೊಂಡು ಬಂದ ಮೊದಲ ದಿನವೇ, "ನೀವು ಏನ್ ಜನ ಅವ್ವ?" ಎಂದು ಕೇಳಿ, ಲಿಂಗಾಯತರು ಎಂದು ತಿಳಿದದ್ದೇ ಆಕೆ ಗಾಬರಿಯಾಗಿದ್ದಳು. "ಅಯ್ಯೋ, ನಾವು ತಿನ್ನೋ ಜನ ಕಣವ್ವ, ನಿಂಗೆ ಕಷ್ಟ ಆಗಾಕಿಲ್ವಾ?" ಮಾಂಸ ತಿನ್ನುವವರಿಗೆ ಮನೆ ಕೊಡುವುದಿಲ್ಲ ಎನ್ನುವ ಬೆಂಗಳೂರಿನಲ್ಲಿ, ತಿನ್ನದವಳಿಗೆ ಮನೆ ಕೊಟ್ಟು ತಾವೇ ತಪ್ಪು ಮಾಡಿದವರಂತೆ ಮುದುರಿಕೊಂಡ ಮನೆಯಿದು. ಆಮೇಲೆ ಭಾನುವಾರಗಳಂದು ಎಲ್ಲಕ್ಕಿಂತ ಮೊದಲು, ಬೇರೆ ಪಾತ್ರೆಯಲ್ಲಿ, ಹಿದಕಿದ ಅವರೆಕಾಳಿನ ಸಾರು ಮಾಡಿ, ಮೆಟ್ಟಿಲ ಕೆಳಗೆ ನಿಂತು ಕೂಗುವಳು: "ಭಾಗ್ಯಮ್ಮಾ, ಇದು ನಿಂದು ಕಣವ್ವ, ಸೌಟೂ ಬೇರೆ ಐತೆ, ಹಾಕ್ಲಾ?" ಕೇಳದೆ ಒಂದು ಸಲವೂ ಬಡಿಸಲಿಲ್ಲ. ಭಾಗ್ಯಶ್ರೀ ನಕ್ಕು ಹಾಕಿಸಿಕೊಂಡು, ಮೇಲೆ ಹೋಗಿ, ನಲ್ಲಿ ಜೋರಾಗಿ ತಿರುಗಿಸಿ, ಆ ಸಾರನ್ನು ಸಿಂಕಿಗೆ ಸುರಿಯುತ್ತಿದ್ದಳು. ಬಹಳ ತಿಂಗಳು ಹಾಗೆ ಮಾಡಿದಳು. ಪಾತ್ರೆ ತೊಳೆದು ವಾಪಸು ಕೊಡುವಾಗ "ಭಾಳ ಚಲೋ ಆಗಿತ್ತಮ್ಮಾ" ಎನ್ನುವಳು. ಆ ಮುದುಕಿಯ ಮುಖ ಅರಳುವುದನ್ನು ನೋಡಲಾರದೆ ಗೋಡೆಯ ಕ್ಯಾಲೆಂಡರನ್ನು ನೋಡುವಳು.

ಕ್ಯಾಲೆಂಡರಿನಲ್ಲಿ ಇದ್ದದ್ದು ಮಾರಮ್ಮ. ಬೀದಿಯ ಕೊನೆಯ ಸಣ್ಣ ಗುಡಿಯ ಮಾರಮ್ಮನಿಗೇ ಈ ಕರಿ ಟಗರು ಹರಕೆಯಾದದ್ದು. ಸೊಣ್ಣಮ್ಮನ ಮಗ ಲಕ್ಕಣ್ಣ. ಲಕ್ಕಣ್ಣನ ಮಗಳು ಚೈತ್ರ. ಮದುವೆಯಾಗಿ ಯಲಹಂಕಕ್ಕೆ ಹೋದ ಚೈತ್ರಳಿಗೆ ಬಸಿರು ನಿಲ್ಲುತ್ತಿರಲಿಲ್ಲ. ಮತ್ತೆ ಮುಟ್ಟು ನಿಂತಾಗ ಸೊಣ್ಣಮ್ಮ ಕೊಟ್ಟಿಗೆಯಲ್ಲಿದ್ದ ಮೂರು ಮರಿಗಳಲ್ಲಿ ಒಂದು ಚುಕ್ಕೆಯೂ ಇಲ್ಲದ ಕರಿಮರಿಯ ತಲೆ ಮುಟ್ಟಿ, ಇದನ್ನು ನಿನಗೆ ಕೊಡುತ್ತೇನೆ, ಕೂಸನ್ನು ನಮಗೆ ಉಳಿಸಿಕೊಡು ಎಂದಳು. ಕೂಸು ಉಳಿಯಿತು. ಈಗ ಒಳಕೋಣೆಯಲ್ಲಿ ಬಾಣಂತಿಯ ಪಕ್ಕ ಮಲಗಿದೆ. ದೇವರ ಪಾಲಿನ ಟಗರು ಮಾತ್ರ ದೇವರಿಗೆ ಸಲ್ಲದಂತಾಗಿದೆ. ಹರಕೆ ಟಗರಿಗೆ ಊನ ಇರಬಾರದು. ಕಿವಿ ಹರಿದಿರಬಾರದು, ಕೊಂಬು ಮುಕ್ಕಾಗಿರಬಾರದು, ಕರಿಯದೆಂದು ಹೇಳಿಕೊಂಡಿದ್ದರೆ ಬಿಳಿಯದು ಒಂದೆಳೆಯೂ ಕಾಣಬಾರದು. ಬೇರೆ ಟಗರು ತಂದುಕೊಡೋಣ ಎಂದ ಲಕ್ಕಣ್ಣನಿಗೆ ಸೊಣ್ಣಮ್ಮ, "ಹೇಳಿದ್ದು ಇದನ್ನ ಕಣ್ಲಾ. ತಲೆ ಮುಟ್ಟಿದ್ದು ಇದನ್ನ" ಎಂದಷ್ಟೇ ಅಂದಿದ್ದಳು.

ಭಾಗ್ಯಶ್ರೀಗೆ ಮತ್ತೆ ಮತ್ತೆ ನೆನಪಾಗುವುದು ಕೊಟ್ಟಿಗೆಯ ಆ ಮಧ್ಯಾಹ್ನ. ಆಫೀಸಿನ ಯಜಮಾನ ಚನ್ನಕೇಶವನಿಗೆ ಊರಿನದೇ ಒಂದು ಟಗರು ಬೇಕಾಗಿತ್ತು, ಲಕ್ಕಣ್ಣನನ್ನು ಒಪ್ಪಿಸಿದವಳು ಭಾಗ್ಯಶ್ರೀ. ಅರಿವಳಿಕೆ ಮದ್ದು ಕೊಟ್ಟು, ಸಣ್ಣ ಕೊಳವೆಯಂಥ ಸೂಜಿಯಿಂದ ಅವರೆಕಾಳಿನಷ್ಟು ಮಾಂಸ ತೆಗೆದುಕೊಳ್ಳಲು ದನದ ಡಾಕ್ಟರು ಬಂದು ನಿಂತಿದ್ದರು. ಮೂರು ಟಗರು, ಅಕ್ಕಪಕ್ಕ. ಯಾವುದು ಎಂದು ಡಾಕ್ಟರು ಕೇಳಿದರು. ಅವಳ ಬೆರಳು ಕರಿಯದನ್ನು ತೋರಿಸಿತು. "ಅದಾ? ಅದು ಹರಕೆದು ಮೇಡಂ" ಎಂದ ಲಕ್ಕಣ್ಣ. ಗೊತ್ತಿತ್ತು. ಊನದ ಮಾತನ್ನು ಸೊಣ್ಣಮ್ಮನ ಬಾಯಿಂದಲೇ ಕೇಳಿದ್ದಳು. ಕೊರಳಿಗೆ ಕಟ್ಟಿದ್ದ ಅರಿಶಿನದ ದಾರವೂ ಕಂಡಿತ್ತು. ಆದರೂ, "ಇದ ಆರೋಗ್ಯ ಐತ್ರಿ, ಇದ ಇರ್ಲಿ" ಎಂದಳು. ಲಕ್ಕಣ್ಣ ತಲೆ ಕೆರೆದುಕೊಂಡು, "ಕೂದ್ಲು ಬೆಳೆದ್ರೆ ಯಾರಿಗ್ ಕಾಣ್ತದೆ ಬಿಡಿ" ಎಂದು ಕಾಲು ಹಿಡಿದುಕೊಂಡ. ಸೂಜಿ ಇಳಿದಾಗ ಅವಳ ಎದೆಯಲ್ಲಿ ಅರಳಿದ್ದು ಸಂತೋಷ, ಶುದ್ಧ ಸಂತೋಷ. ಬದುಕಿದೆ, ಇನ್ನು ನಿನ್ನನ್ನು ಯಾರೂ ಕಡಿಯಲಾರರು ಎಂದು ಅದರ ಕಿವಿಯಲ್ಲಿ ಹೇಳಬೇಕೆನಿಸಿತ್ತು. ಆ ಸಂತೋಷ ಈಗ ಎಲ್ಲಿ ಹೋಯಿತು? ನೆನೆದರೆ ನಾಲಿಗೆಯ ಮೇಲೆ ಸಿಂಕಿನ ನೀರಿನ ರುಚಿ ಬರುತ್ತಿತ್ತು.

ಆ ಸೂಜಿಗಾಯ ಮಾಯ್ದ ಜಾಗದಲ್ಲೇ ಕೂದಲು ಬಿಳಿಯಾಗಿ ಬೆಳೆದಿತ್ತು. ತಾಯಿಯ ಮುಂದೆ ಸಿಕ್ಕಿಬಿದ್ದಾಗ ಲಕ್ಕಣ್ಣ ಇಬ್ಬರನ್ನೂ ಉಳಿಸಿದ್ದ. "ಆಫೀಸಿನೋರಿಗೆ ಯಾವ್ದು ಅಂತ ತಿಳೀಲಿಲ್ಲ ಕಣಮ್ಮ. ನಾನೂ ಅಲ್ಲಿರ್ಲಿಲ್ಲ. ಏನೋ ತಪ್ಪಾಗೋಯ್ತು." ಹೇಳುತ್ತ ಭಾಗ್ಯಶ್ರೀಯ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಸೊಣ್ಣಮ್ಮ ಆ ತಲೆಯಾಡಿಸುವಿಕೆಯನ್ನು ಪೂರ್ತಿ ನಂಬಿದಳು. "ತಿಳೀದೆ ಆದದ್ದಲ್ವ. ತಿಳೀದೋರ್ಗೆ ಮಾರಮ್ಮ ಏನೂ ಮಾಡಾಕಿಲ್ಲ" ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಆಕೆ ಒಂದು ದಾರಿಯನ್ನೂ ಹುಡುಕಿಕೊಂಡಳು. ಆಫೀಸಿನಲ್ಲಿ ಬೆಳೆದದ್ದು ಇದೇ ಟಗರಿನ ಮಾಂಸ ತಾನೆ? ಊನ ಬಂದದ್ದು ಹೊರಗಿನ ಚರ್ಮಕ್ಕೆ, ಒಳಗಿನದಕ್ಕಲ್ಲ. ಅದರ ಮೇಲೆ ನೀರು ಹಾಕಿ ಕೇಳುವುದು. ಟಗರನ್ನು ಕಡಿಯುವ ಮೊದಲು ಅರಿಶಿನದ ನೀರು ಹಾಕಿ ಕಾಯುತ್ತಾರೆ. ಅದು ಮೈ ಒದರಿ ನೀರು ಕೊಡವಿದರೆ ಒಪ್ಪಿದಂತೆ, ಒದರದಿದ್ದರೆ ಅವತ್ತು ಕತ್ತಿ ಎತ್ತುವ ಹಾಗಿಲ್ಲ. ಹಾಗೆಯೇ ಇದಕ್ಕೂ ಕೇಳಿ, ಒಪ್ಪಿದರೆ ಒಂದು ಚೂರು ಗುಡಿಗೆ ಒಯ್ದು ಎಡೆ ಇಡುವುದು. ರುಚಿ ನೋಡುವ ಸಮಾರಂಭಕ್ಕೆ ಟಗರಿನ ಮನೆಯ ಹಿರಿಯಮ್ಮ ಬರಬೇಕೆಂದು ಚನ್ನಕೇಶವ ಹೇಳಿಕಳಿಸಿದ್ದೂ ಸರಿಹೋಯಿತು.

ಲಕ್ಕಣ್ಣನ ಕಾರಿನ ಹಿಂದಿನ ಸೀಟಿನಲ್ಲಿ ಸೊಣ್ಣಮ್ಮ ರೇಷ್ಮೆ ಸೀರೆ ಉಟ್ಟು, ಬೇವಿನ ಸೊಪ್ಪು ಮುಚ್ಚಿದ ಪುಟ್ಟ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಏರ್‌ಪೋರ್ಟ್ ರಸ್ತೆ ಮಂಜಿನಲ್ಲಿ ಮೆಲ್ಲಗೆ ಜಾರುತ್ತಿತ್ತು. ಕಾರು ನಿಂತಿದೆಯೋ ಹೋಗುತ್ತಿದೆಯೋ ತಿಳಿಯುತ್ತಿರಲಿಲ್ಲ. ಸೊಣ್ಣಮ್ಮ ಇದ್ದಕ್ಕಿದ್ದಂತೆ ಭಾಗ್ಯಶ್ರೀಯ ಕೈ ಹಿಡಿದುಕೊಂಡಳು. "ನೀನೇನೂ ನೊಂದ್ಕೋಬೇಡ ಕಣವ್ವ. ನಿಮ್ಮೋರ್ಗೆ ನಮ್ ದೇವ್ರ ಸಮಾಚಾರ ಹೆಂಗ್ ಗೊತ್ತಾಗ್ಬೇಕು?" ಆ ಕೈ ಬಿಸಿಯಾಗಿ, ಒರಟಾಗಿತ್ತು. ಈಗ ಹೇಳಬೇಕು ಎಂದುಕೊಂಡಳು ಭಾಗ್ಯಶ್ರೀ. ಫ್ಲೈಓವರ್ ಹತ್ತಿದ ಮೇಲೆ ಹೇಳುತ್ತೇನೆ ಎಂದುಕೊಂಡಳು. ಕಾರು ಫ್ಲೈಓವರ್ ಹತ್ತಿತು, ಇಳಿಯಿತು, ಕೆರೆಯ ಮೇಲೆ ಹಕ್ಕಿಗಳು ಯಾವ ಕಡೆಗೂ ಹೋಗದೆ ಸುತ್ತುತ್ತಿದ್ದವು. ಕನ್ನಡಿಯಲ್ಲಿ ಲಕ್ಕಣ್ಣನ ಕಣ್ಣು ಅವಳ ಕಣ್ಣನ್ನು ಹುಡುಕಿ, ಸಿಕ್ಕೊಡನೆ ರಸ್ತೆಗೆ ಹಾರಿತು.

ಆಫೀಸಿನಲ್ಲಿ ಗೆಳತಿ ಸಬಾ ಬಿಳಿ ಕೋಟು ತೊಟ್ಟು ತಟ್ಟೆ ಜೋಡಿಸುತ್ತಿದ್ದಳು. ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಸೇರಿದವರು. ಆರ್.ಟಿ. ನಗರದಲ್ಲಿ ಅವಳ ಮಾವ ಸುಫಿಯಾನನ ಮಟನ್ ಅಂಗಡಿಯಿದೆ. "ನಮ್ ಮಾಮು ನಿನ್ನೆ ಏನಂದ್ರು ಗೊತ್ತಾ? ಕೊಯ್ಯೋದೇ ಇಲ್ಲ ಅಂದ್ಮೇಲೆ ಬಿಸ್ಮಿಲ್ಲಾ ಎಲ್ಲಿ ಹೇಳ್ತೀರಮ್ಮ ಅಂತ. ಆಮೇಲೆ ನನ್ ಅಂಗಡಿ ಶಟರ್ ಯಾವಾಗ ಎಳೀಬೇಕು ಅದನ್ನಾದ್ರೂ ಹೇಳು ಅಂತ ನಕ್ಕರು. ನಕ್ಕಿದ್ದೋ ಏನೋ." ಆಮೇಲೆ ತಟ್ಟೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತ, "ನಂದೊಂದ್ ಡೌಟು ಭಾಗ್ಯ. ನಿಮ್ ಜಕ್ಕೂರಿನ ಆ ಅಪಾರ್ಟ್‌ಮೆಂಟ್‌ನೋರು ನಾನ್‌ವೆಜ್ ತಿಂತೀರಾ ಅಂತ ಕೇಳಿ ನಂಗೆ ಮನೆ ಕೊಡ್ಲಿಲ್ಲ ಅಲ್ವಾ? ಈ ಮಟನ್ ತಿಂದ್ರೆ ಕೊಡ್ತಾರಾ?" ಎಂದಳು. ಭಾಗ್ಯಶ್ರೀ ನಗಲು ನೋಡಿದಳು. ಅಂದು ಮನೆ ನೋಡಲು ಸಬಾಳ ಜೊತೆ ಹೋದವಳು ತಾನೇ. ಮ್ಯಾನೇಜರು ತನ್ನತ್ತ ತಿರುಗಿ, ಮೇಡಂ ನಿಮಗಾದರೆ ತೊಂದರೆ ಇಲ್ಲ ಎಂದಾಗ ಮೈಯೊಳಗೆಲ್ಲೋ ಒಂದು ತೆಳುವಾದ ಹೆಮ್ಮೆ ಎದ್ದದ್ದು ನೆನಪಾಯಿತು.

ಸಭೆಯ ಕೋಣೆಗೆ ಒಂದಿಷ್ಟು ಅತಿಥಿಗಳು ಬಂದಿದ್ದರು. ಮಾರುವ ಅನುಮತಿ ಇನ್ನೂ ಬಂದಿರಲಿಲ್ಲ, ಸುಮ್ಮನೆ ತಿಂದು ನೋಡುವುದಷ್ಟೆ. ಚನ್ನಕೇಶವ ಮೃದುವಾದ ದನಿಯ, ಯಾರನ್ನೂ ಗದರದ ಮನುಷ್ಯ. ನೋವಿಲ್ಲದ ಮಾಂಸ, ಸಾತ್ವಿಕ ಮಾಂಸ, ಈ ದೇಶದ ಜಗಳವನ್ನೇ ತಟ್ಟೆಯಿಂದ ತೆಗೆದುಹಾಕುವ ಮಾಂಸ ಎಂದೆಲ್ಲ ಹೇಳುವಾಗ ಅವನಿಗೆ ನಿಜವಾಗಿಯೂ ಕಣ್ಣು ತುಂಬುತ್ತಿತ್ತು. ಗೋಡೆಯ ಪರದೆಯ ಮೇಲೆ ಕರಿ ಟಗರಿನ ಚಿತ್ರ. ಫೋಟೋದವರು ಕಂಪ್ಯೂಟರಿನಲ್ಲಿ ಆ ಬಿಳಿ ಕೂದಲನ್ನು ಕಪ್ಪು ಮಾಡಿದ್ದರು. ಸೊಣ್ಣಮ್ಮ ಅದನ್ನು ನೋಡಿ ಬೆಚ್ಚಿ, ಮತ್ತೆ ಮತ್ತೆ ಕಣ್ಣೊರೆಸಿಕೊಂಡಳು. ನಂತರ ತನ್ನ ಆಸೆ ಹೇಳಿದಳು. ಅತಿಥಿಗಳಿಗೆ ಬಹಳ ಹಿಡಿಸಿತು. ಫೋನುಗಳು ಮೇಲೆದ್ದವು. ಚನ್ನಕೇಶವ ತಲೆಯಾಡಿಸಿದೊಡನೆ ಸಬಾ ಬೇಯಿಸದ ತುಂಡೊಂದನ್ನು ಸ್ಟೀಲ್ ತಟ್ಟೆಯಲ್ಲಿ ತಂದಳು. ರಕ್ತ ಕಾಣದ, ಮಸುಕು ಬಣ್ಣದ, ಯಾವ ಆಕಾರವೂ ಇಲ್ಲದ ತುಂಡು.

"ಸಾಕಿದೋರು ಹಗ್ಗ ಹಿಡ್ಕೋಬೇಕು" ಎಂದಳು ಸೊಣ್ಣಮ್ಮ. "ಇದನ್ನ ಸಾಕಿದೋರ್ಯಾರು?"

ಎಲ್ಲರೂ ಭಾಗ್ಯಶ್ರೀಯನ್ನು ನೋಡಿದರು. "ನಾನಮ್ಮಾ."

"ಅಂಗಾದ್ರೆ ತಟ್ಟೆ ನೀನೇ ಹಿಡ್ಕೋ."

ಬೇವಿನ ಸೊಪ್ಪಿನಿಂದ ಹಳದಿ ನೀರು ಬಿತ್ತು. ಎಲ್ಲರೂ ತಟ್ಟೆಯತ್ತ ಬಾಗಿ ನಿಂತರು. ಎ.ಸಿ.ಯ ಗಾಳಿ ಮಾತ್ರ ಎಲ್ಲಿಂದಲೋ ಎಲ್ಲಿಗೋ ಹೋಗುತ್ತಿತ್ತು. ಸೊಣ್ಣಮ್ಮನ ತುಟಿ ಅಲುಗುತ್ತಿತ್ತು, ಕಣ್ಣು ತುಂಡಿನ ಮೇಲೆಯೇ ನೆಟ್ಟಿತ್ತು. ಇದಕ್ಕೆ ಮೈಯಿಲ್ಲ, ಒದರಲು ಏನನ್ನು ಒದರೀತು ಎಂದುಕೊಂಡಳು ಭಾಗ್ಯಶ್ರೀ. ಇದು ಒಪ್ಪಲೂ ಆರದು, ಒಲ್ಲೆ ಎನ್ನಲೂ ಆರದು. ಅದಕ್ಕೇ ಅಲ್ಲವೆ ನಾವೆಲ್ಲ ಇದನ್ನು ಇಷ್ಟು ಮೆಚ್ಚಿಕೊಂಡದ್ದು. ಟಗರನ್ನಾದರೂ ಯಾರು ಕೇಳಿದರು? ಕಡಿಯುವವರು ನೀರು ಹಾಕಿ ಕಾಯುತ್ತಾರೆ. ಉಳಿಸಲು ಹೋದವಳು ಒಂದು ಹನಿ ನೀರೂ ಹಾಕಲಿಲ್ಲ. ಕಾಲ ಗುಲಾಬಿ ದ್ರವದಂತೆ ನಿಂತುಬಿಟ್ಟಿತು, ಅದರಲ್ಲಿ ತಾನೂ ತಟ್ಟೆಯೂ ಮುದುಕಿಯೂ ತೇಲುತ್ತಿರುವಂತೆ ಅವಳಿಗೆ ಕಂಡಿತು. ಮೊಣಕೈಯಿಂದ ಏನೋ ಇಳಿದು ಬಂತು. ತಟ್ಟೆ ಅದುರಿತು. ತುಂಡು ಒಮ್ಮೆ ನಡುಗಿ, ನೀರು ಕೊಡವಿ, ಪಕ್ಕಕ್ಕೆ ಸರಿಯಿತು.

"ಒಪ್ತು!" ಎಂದು ಯಾರೋ ಕೂಗಿದರು. ಚಪ್ಪಾಳೆಯಾಯಿತು. ಚನ್ನಕೇಶವ ಸೊಣ್ಣಮ್ಮನ ಕಾಲು ಮುಟ್ಟಿದ. ಆಕೆ ಎರಡೂ ಕೈ ಎತ್ತಿ ಮುಗಿದು, ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. "ಮಾರವ್ವ, ಕೂಸು ನಿಂದು ತಾಯಿ, ಕೂಸು ನಿಂದು." ಮಂಗಳವಾರದಿಂದ ಆ ಮುಖದಲ್ಲಿ ಕಟ್ಟಿಕೊಂಡಿದ್ದ ಗಂಟು ಬಿಚ್ಚಿಕೊಂಡಿತ್ತು. ಭಾಗ್ಯಶ್ರೀ ತಟ್ಟೆ ಹಿಡಿದೇ ನಿಂತಿದ್ದಳು. ಇದನ್ನು ಹೀಗೇ ಬಿಟ್ಟರೆ ಎಲ್ಲರಿಗೂ ಸುಖ. ಮುದುಕಿ ನಿದ್ದೆ ಮಾಡುತ್ತಾಳೆ, ಟಗರು ಬದುಕುತ್ತದೆ, ಲಕ್ಕಣ್ಣ ಉಳಿದುಕೊಳ್ಳುತ್ತಾನೆ, ತಾನು ಆ ಮನೆಯಲ್ಲಿ ಭಾಗ್ಯಮ್ಮನಾಗಿಯೇ ಇರುತ್ತಾಳೆ.

ಅಷ್ಟರಲ್ಲಿ ಚನ್ನಕೇಶವ ಬೆಂದ ತುಂಡೊಂದನ್ನು ಕಡ್ಡಿಗೆ ಚುಚ್ಚಿ ತಂದ. "ನಮ್ಮ ಭಾಗ್ಯಶ್ರೀ ಲಿಂಗಾಯತ್ಸು. ಹುಟ್ಟಾ ವೆಜಿಟೇರಿಯನ್. ಇವ್ರೇ ಫಸ್ಟ್ ಬೈಟ್ ತಗೋತಾರೆ. ಒಂದೇ ಒಂದು ಪೀಸ್ ಭಾಗ್ಯ, ಇಡೀ ದೇಶಕ್ಕೆ ಮೆಸೇಜ್ ಹೋಗುತ್ತೆ." ಹೋದ ವಾರ ಅವಳೇ ಒಪ್ಪಿದ್ದಳು. ಈಗ ಕಡ್ಡಿ ತುಟಿಯ ಹತ್ತಿರ ಬಂತು. ಮಸಾಲೆಯ ವಾಸನೆ, ಮುಚ್ಚಿದ ಕಿಟಕಿಯ ಸಂದಿಯಿಂದ ಭಾನುವಾರಗಳಂದು ಬರುತ್ತಿದ್ದ ಅದೇ ವಾಸನೆ. ಅವಳ ಹಲ್ಲುಗಳು ತಾವಾಗಿ ಕಚ್ಚಿಕೊಂಡವು.

ಸೊಣ್ಣಮ್ಮ ಸೆರಗು ಸರಿಸಿ ನೋಡಿದಳು. ಮುಂದೆ ಬಂದು ಚನ್ನಕೇಶವನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. "ಬ್ಯಾಡ ಕಣಪ್ಪ. ತಿನ್ನದೋರ ಬಾಯಿಗೆ ಇಡಬಾರ್ದು. ನಮ್ಮನೇಲಿ ಇಷ್ಟ್ ವರ್ಷದಿಂದ ಅವಳೆ, ಕೇಳ್ದೆ ಒಂದ್ ಸೌಟು ಸಾರೂ ಹಾಕಿಲ್ಲ ನಾನು."

ಭಾಗ್ಯಶ್ರೀ ತಟ್ಟೆ ಕೆಳಗಿಟ್ಟಳು. ಸೊಣ್ಣಮ್ಮನ ತೋಳು ಹಿಡಿದು ಕಿಟಕಿಯ ಕಡೆಗೆ ಕರೆದೊಯ್ದಳು. ಹಿಂದೆ ಜನ ತಿನ್ನುತ್ತಿದ್ದರು, ನಿಜಕ್ಕೂ ಮಟನ್ ಹಾಗೇ ಇದೆ ಎನ್ನುತ್ತಿದ್ದರು.

"ಅಮ್ಮಾ, ಅದು ಮೈ ಒದರ್ಲಿಲ್ಲ. ನನ್ನ ಕೈ ನಡುಗಿತು."

ಸೊಣ್ಣಮ್ಮನಿಗೆ ತಿಳಿಯಲಿಲ್ಲ. "ಏನಂದೆ?"

"ಹರಕಿ ಟಗರು ಅಂತ ಗೊತ್ತಿತ್ತು. ಗೊತ್ತಿದ್ದ ತೋರಿಸಿದೆ. ಗಾಯ ಆದ್ರ ಕಡಿಯಂಗಿಲ್ಲ ಅಂತನೂ ಗೊತ್ತಿತ್ತು. ಅದು ಉಳೀಲಿ ಅಂತ ಮಾಡಿದೆ. ನಿಮ್ಮನ್ನ ಕೇಳ್ಲಿಲ್ಲ."

ಬಿಚ್ಚಿಕೊಂಡಿದ್ದ ಮುಖ ಮತ್ತೆ ಕಟ್ಟಿಕೊಳ್ಳುವುದನ್ನು ಅವಳು ಪೂರ್ತಿ ನೋಡಿದಳು. ನೋಡಲೇಬೇಕಾಗಿತ್ತು. ಸೊಣ್ಣಮ್ಮ ಬೈಯಲಿಲ್ಲ. ಚೊಂಬಿನಲ್ಲಿ ಉಳಿದ ನೀರನ್ನು ಅಲ್ಲಿದ್ದ ಕುಂಡದ ಗಿಡಕ್ಕೆ ಹೊಯ್ದು, "ಲಕ್ಕಾ, ಕಾರ್ ತಗಿ" ಎಂದಳು. ಕಾರು ಬಂದ ದಾರಿಯಲ್ಲೇ ಹಿಂದಿರುಗಿತು. ಮಂಜು ಕರಗಿ ಎಲ್ಲವೂ ಬೇಡವೆಂದರೂ ಕಾಣುತ್ತಿತ್ತು. ಹಾರುವ ಕ್ಲಬ್ಬಿನ ಬೇಲಿ, ಮಾರಾಟಕ್ಕಿದೆ ಎಂಬ ಫಲಕಗಳು, ಕುರಿ ಮಾಂಸದಂಗಡಿಯ ಮುಂದೆ ಭಾನುವಾರದ ಸಾಲು. ಮನೆಯ ಗೇಟಿನ ಹತ್ತಿರ ಇಳಿದು ಲಕ್ಕಣ್ಣ ಒಳಗೆ ಹೋದ ಮೇಲೆ ಸೊಣ್ಣಮ್ಮ ತಿರುಗಿದಳು.

"ಟಗರು ಬದುಕ್ತು. ನಿನ್ನಾಸೆ ಆಯ್ತು. ಮನೆ ಬಿಟ್ಟೋಗು ಅಂತ ನಾನು ಹೇಳಾಕಿಲ್ಲ. ಹೋಗ್ಲೂ ಬ್ಯಾಡ. ಇನ್ ಮುಂದೆ ಆ ಕೂಸಿಗೆ ಒಂದ್ ಕೆಮ್ಮು ಬಂದ್ರೂ ನಾನು ನಿನ್ನ ಮುಖ ನೋಡ್ತೀನಿ. ನೀನಿಲ್ಲೇ ಇರ್ಬೇಕು."

ಭಾಗ್ಯಶ್ರೀ ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕೂತಳು. ಕೂಸಿಗೂ ಟಗರಿಗೂ ಸಂಬಂಧವಿಲ್ಲ. ಇದು ಅವಳು ಓದಿದ ವಿದ್ಯೆ, ಇದರಲ್ಲಿ ಅನುಮಾನವೇನೂ ಇರಲಿಲ್ಲ. ಚಳಿಗಾಲದಲ್ಲಿ ಕೂಸುಗಳು ಕೆಮ್ಮುತ್ತವೆ. ಹೊಸ ಕಟ್ಟಡಗಳ ದೂಳಿಗೆ ಊರೇ ಕೆಮ್ಮುತ್ತದೆ. ಹಾಗೆ ಅಂದುಕೊಳ್ಳುತ್ತಲೇ ಅವಳು ಕಿವಿಯನ್ನು ನೆಲಕ್ಕೆ ಕೊಟ್ಟು ಕೂತಿದ್ದಳು. ಕೆಳಗೆ ತೊಟ್ಟಿಲು ತೂಗುವ ಸದ್ದು, ಚೈತ್ರಳ ಜೋಗುಳದಂಥ ಗೊಣಗು, ಪಾತ್ರೆ, ಮೌನ. ಮೌನ ಉದ್ದವಾದಾಗ ಹೆದರಿಕೆ, ಸದ್ದಾದಾಗ ಇನ್ನೂ ಹೆದರಿಕೆ. ಬಿಸಿಲು ಇಳಿದು ಗೋಡೆ ಕೆಂಪಾಯಿತು. ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತಾನು ಇಷ್ಟು ಹೊತ್ತೂ ಬೇಡುತ್ತಿದ್ದದ್ದು ಮಾರಮ್ಮನನ್ನು ಎಂದು ಅವಳಿಗೆ ತಡವಾಗಿ ಗೊತ್ತಾಯಿತು. ನಾಚಿಕೆಯಾಯಿತು, ಆದರೆ ಬೇಡುವುದನ್ನು ನಿಲ್ಲಿಸಲಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕೂಸು ಕೆಮ್ಮಿತು.

ಒಂದು ಸಲ, ಮತ್ತೊಂದು ಸಲ, ಆಮೇಲೆ ಉಸಿರು ಸಿಕ್ಕಿಕೊಂಡಂತೆ ಒಂದು ಎಳೆತ. ಯಾವಾಗ ಎದ್ದಳೋ, ಮೆಟ್ಟಿಲು ಯಾವಾಗ ಇಳಿದಳೋ, ಚಪ್ಪಲಿಯಿಲ್ಲದೆ ಆ ಮನೆಯ ಒಳಬಾಗಿಲಲ್ಲಿ ನಿಂತಿದ್ದಳು. ಚೈತ್ರ ಬಚ್ಚಲಲ್ಲಿದ್ದಳು. ಸೊಣ್ಣಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರುತ್ತಿದ್ದವಳು ತಲೆಯೆತ್ತಿ, ಹೇಳಿದ ಹಾಗೆಯೇ, ಅವಳ ಮುಖ ನೋಡಿದಳು. ಭಾಗ್ಯಶ್ರೀಗೆ ನೋಡಲು ಈಗ ಕ್ಯಾಲೆಂಡರೂ ಬೇಕಾಗಲಿಲ್ಲ. ಆಕೆ ನೋಡುವಷ್ಟು ಹೊತ್ತೂ ಮುಖ ಕೊಟ್ಟು ನಿಂತಳು.

"ಹಾಲು ನೆತ್ತಿಗೆ ಹತ್ತೈತೆ, ಅಷ್ಟೇ ಇರ್ಬೇಕು" ಎಂದಳು ಸೊಣ್ಣಮ್ಮ. ಆ 'ಇರ್ಬೇಕು' ಎಂಬುದರಲ್ಲಿ ಆಕೆಯ ದನಿ ಮುರಿಯಿತು. ಆಮೇಲೆ ಕೂಸನ್ನು ಮುಂದೆ ಚಾಚಿದಳು. "ಹಿಡ್ಕೋ. ಬಿಸಿನೀರು ತತ್ತೀನಿ."

ಭಾಗ್ಯಶ್ರೀ ಕೈ ಚಾಚಿದಳು. ಕೂಸು ಅವಳು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಅದರ ಎದೆ ಏರಿತು, ಇಳಿಯಿತು. ಮತ್ತೆ ಏರುವುದನ್ನು ಕಾಯುತ್ತ ಅವಳು ಅಲ್ಲೇ ನಿಂತಳು.